ನಿಮ್ಮ ವರದಿಯ ಮಣ್ಣು ಯಾವ ಗುಂಡಿಯದು?

ಮಣ್ಣು ಪರೀಕ್ಷಾ ವಿಭಾಗದ ಮುಖ್ಯಸ್ಥರೇ,

ನದಿ ದಂಡೆಯ ಹೂಳಿನಲ್ಲಿ ಸೀಸ ‘ಮಿತಿಯೊಳಗಿದೆ’ ಎಂಬ ನಿಮ್ಮ ವರದಿಯನ್ನು ನಾನು ನಂಬುವುದಿಲ್ಲ. ನಿಮ್ಮ ಯಂತ್ರ ಸುಳ್ಳು ಹೇಳಿತೆಂದಲ್ಲ. ಅದಕ್ಕೆ ನೀವು ತಿನ್ನಿಸಿದ ಮಣ್ಣೇ ಬೇರೆ.

ನಿಮ್ಮವರು ಮಣ್ಣು ತೆಗೆದ ದಿನ ನಾನು ಅಲ್ಲೇ ಇದ್ದೆ. ನೆರೆ ಇಳಿದ ಮೇಲೆ ನನ್ನ ಸೊಪ್ಪಿನ ಮಡಿಗಳ ಮೇಲೆ ಗೇಣೆತ್ತರ ಕಪ್ಪು ಹೂಳು ಕೂತಿತ್ತು. ನಿಮ್ಮ ಸಿಬ್ಬಂದಿ ಬಂದರು, ತಮ್ಮ ಹೊಸ ಬೂಟುಗಳನ್ನೊಮ್ಮೆ ನೋಡಿಕೊಂಡರು, ನೆರೆ ಎಂದೂ ಮುಟ್ಟದ ರಸ್ತೆಬದಿಯ ದಿಬ್ಬದಲ್ಲಿ ಅಗೆದರು. “ಕೆಳಗಿಳೀರಪ್ಪಾ, ಹೂಳು ಇಲ್ಲಿದೆ” ಎಂದೆ. “ಜಾಗ ಮೇಲಿನವರು ಗುರುತು ಮಾಡಿ ಕೊಟ್ಟಿದ್ದಾರಮ್ಮ, ನಮ್ಮ ಕೈಲಿಲ್ಲ” ಎಂದರು. ಮೇಲಿನವರೆಂದರೆ ತಾವೇ ತಾನೆ? ನದಿಯ ಹೂಳನ್ನು ದಿಬ್ಬದ ಮೇಲೆ ಹುಡುಕುವುದು ಯಾವ ವಿಜ್ಞಾನ? ಮೇಲ್ಹರಿವಿನಲ್ಲಿ ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯ ಆರೋಗ್ಯಕ್ಕೆ ಯಾವ ಮಣ್ಣು ಹಿತ ಎಂಬ ವಿಜ್ಞಾನವೋ?

ಅಗೆದದ್ದನ್ನು ಕಣ್ಣಾರೆ ಕಂಡೂ, ನಿಮ್ಮ ಸಹಿಯಿರುವ ವರದಿ ನಂಬಿ ಆ ಹೂಳಿನಲ್ಲೇ ಬಿತ್ತಿದೆ, ಬೆಳೆದ ಸೊಪ್ಪು ಮಾರಿದೆ. ಎರಡೂವರೆ ವರ್ಷದ ಮೊಮ್ಮಗಳು ಮಡಿಯ ಪಕ್ಕ ಕೂತು ಮಣ್ಣಿನ ಉಂಡೆ ಕಟ್ಟಿ ಬಾಯಿಗಿಡುತ್ತಿದ್ದಳು. ಕೆಲವೇ ತಿಂಗಳಲ್ಲಿ ಕಲಿತ ಮಾತನ್ನೇ ಮರೆಯತೊಡಗಿದಳು. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, “ಮನೇಲಿ ಯಾರಾದ್ರೂ ಸೀಸದ ಕೆಲಸ ಮಾಡ್ತಾರಾ?” ಎಂದು ಕೇಳಿದರು. ಸೊಸೆ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

ನನ್ನ ಮಡಿಯ ಹೂಳನ್ನೂ ನಿಮ್ಮ ದಿಬ್ಬದ ಮಣ್ಣನ್ನೂ ಎರಡು ಬಾಟಲಿಯಲ್ಲಿ ತುಂಬಿ ಕಾಲೇಜೊಂದರ ಪ್ರಯೋಗಾಲಯಕ್ಕೆ ಕೊಟ್ಟೆ. ದಿಬ್ಬದ್ದು ನಿಮ್ಮ ವರದಿಯಂತೆಯೇ ಬಂತು, ಅಭಿನಂದನೆಗಳು. ಹೂಳಿನಲ್ಲಿ ಸೀಸ ಮಿತಿಯ ಒಂಬತ್ತು ಪಟ್ಟು.

ಮಡಿಗಳ ಸೊಪ್ಪನ್ನೆಲ್ಲ ಕಿತ್ತುಹಾಕಿದೆ. ಬರಿಗೈಲಿ ಮಾರುಕಟ್ಟೆಗೆ ಹೋಗಿ, “ನನ್ನ ಹತ್ರ ಸೊಪ್ಪು ತಗೊಂಡಿದ್ರೆ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ” ಎಂದು ಕಂಡವರಿಗೆಲ್ಲ ಹೇಳಿದೆ. ಪಕ್ಕದಲ್ಲೇ ದಂಡೆಯ ಸೊಪ್ಪು ಮಾರುವ ನನ್ನ ತಂಗಿ, “ನಿನ್ನ ಬಾಯಿಗೆ ಬೀಗ ಇಲ್ವಾ ಅಕ್ಕಾ? ನಮ್ಮ ಹೊಟ್ಟೆ ಮೇಲೂ ಹೊಡೀತಿದ್ದೀಯಲ್ಲ!” ಎಂದು ಅತ್ತಳು. ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತನ್ನ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಳು. ಇಬ್ಬರ ರಕ್ತದಲ್ಲೂ ಸೀಸವಿದೆ. ಅವರನ್ನೂ ದಿಬ್ಬದ ಮೇಲೆ ನಿಲ್ಲಿಸಿ ಪರೀಕ್ಷಿಸಬೇಕಿತ್ತೇನೋ!

ತಾವೇ ಬನ್ನಿ. ನಮ್ಮೆದುರು, ನಮ್ಮ ಮಡಿಗಳಲ್ಲಿ ಅಗೆಸಿ. ದಂಡೆಯ ಪ್ರತಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಆ ದಿಬ್ಬಕ್ಕೆ ಗುರುತು ಹಾಕಿದ ಕೈ ಯಾರದೆಂದು ಬರೆದು ತಿಳಿಸಿ. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ. ಮೊಮ್ಮಗಳಿಗೆ ಎಷ್ಟು ಮಾತು ಮರಳುತ್ತದೋ ವೈದ್ಯೆಗೂ ತಿಳಿಯದು. ಪರಿಶೀಲನೆ ಮುಗಿಯುವವರೆಗೆ ಆ ಮಗು ಬೆಳೆಯದೆ ಕಾಯಲಾರದು.

ಇಂತಿ,
ತಮ್ಮ ಸಹಿಯನ್ನು ನಂಬಿ ಊರಿಗೆಲ್ಲ ಸೊಪ್ಪು ತಿನ್ನಿಸಿದ ತಪ್ಪಿತಸ್ಥೆ