ಶೆಡ್ಡಿನ ಗೋಡೆಗೆ ಹತ್ತಿದ ರ್‍ಯಾಕು

19 ನವೆಂಬರ್ 2012, ಸೋಮವಾರ. ಬೆಳಿಗ್ಗೆ 6

ಐದೂವರೆಗೆ ಎದ್ದೆ. ಪ್ರ್ಯಾಕ್ಟೀಸ್ ಇಲ್ಲ, ಆದರೂ ಎದ್ದೆ. ಶೆಡ್ಡಿಗೆ ಹೋಗಿ ಸಾಲಿ ಹುಡುಗಿಯರ ಐದೂ ಸೈಕಲ್ಲಿನ ಗಾಳಿ ನೋಡಿದೆ. ರೇಷ್ಮಾಳ ಸೈಕಲ್ಲಿನ ಹಿಂದಿನ ಟಯರ್ ಇಲಿ ಕಡಿದಿದೆ. ವಿಜಾಪುರದ ರೇಸಿನಲ್ಲಿ ನೂರು ಕಿಲೋಮೀಟರ್ ತಡೆದ ಟಯರು, ನಮ್ಮ ಮನೆಯ ಒಂದು ಇಲಿಯನ್ನು ತಡೆಯಲಿಲ್ಲ. ನಗು ಬರಬೇಕಿತ್ತು. ಬರಲಿಲ್ಲ.

ದಸರೆಯಿಂದ ಹೀಗೇ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಸಾಲಿಗೆ ಹೋಗಿ ಪಿ.ಟಿ. ಪೀರಿಯಡ್ ತೆಗೆದುಕೊಳ್ಳುತ್ತೇನೆ. ನನಗೆ ಏನೂ ಆಗುತ್ತಿಲ್ಲ.

ಇಂದ್ರವ್ವ ಚಹಾ ತಂದವಳು ಅಲ್ಲೇ ನಿಂತಳು.

“ನೆಲದ ಮ್ಯಾಲೆ ಇಟ್ರ ಇಲಿ ಬಿಡ್ತಾವೇನ್ರಿ? ತೂಗುಹಾಕ್ರಿ ಮ್ಯಾಲೆ. ಆ ರ್‍ಯಾಕ್ ಐತೆಲ್ಲ, ಅದನ್ನ ಗ್ವಾಡಿಗೆ ಬಡೀರಿ.”

ಹೆಂಡತಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ರ್‍ಯಾಕನ್ನು ಪೊಲೀಸರು ಮೊನ್ನೆ ವಾಪಸ್ ಕೊಟ್ಟರು. ಗೋಣಿಚೀಲ ಸುತ್ತಿ ಜೀಪಿನ ಹಿಂದೆ ಇಟ್ಟಿದ್ದೇನೆ. ಬಿಚ್ಚಿಲ್ಲ.

20 ನವೆಂಬರ್, ಮಂಗಳವಾರ

ಒಂದು ಸಲ ಬರೆದುಬಿಡುತ್ತೇನೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಇಂದ್ರವ್ವಗೂ.

ಜೀಪಿನ ಹಿಂದೆ ಒಂದು ಚೌಕ ಪೈಪು. ರ್‍ಯಾಕಿನ ಕಾಲು ಅದರೊಳಗೆ ಕೂರುತ್ತದೆ. ಜಾರದಂತೆ ಅಡ್ಡಲಾಗಿ ಬೆರಳುದಪ್ಪದ ಒಂದು ಪಿನ್ನು. ಐದು ಸೈಕಲ್ಲು ಆರಾಮಾಗಿ ನಿಲ್ಲುತ್ತವೆ. ಮಾಡಿಕೊಟ್ಟವನು ಬನಹಟ್ಟಿಯ ಮಲಕಾಜಪ್ಪ, ಹೈಸ್ಕೂಲಿನಿಂದ ನನ್ನ ಗೆಳೆಯ. ಮಗ್ಗ ರಿಪೇರಿ, ವೆಲ್ಡಿಂಗ್ ಅವನ ಕಸುಬು. ನನ್ನ ಹುಡುಗಿಯರು ರೇಸಿಗೆ ಹೋಗಲಿ ಅಂತ ಗುಜರಿಗೆ ಹೋಗಬೇಕಿದ್ದ ಮಗ್ಗದ ಪೈಪು ಕತ್ತರಿಸಿ ಮಾಡಿದ.

ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಪಿನ್ನು ತೆಗೆದೆ. ತೊಳೆದು, ನಟ್ಟು ಬಿಚ್ಚುವ ಪಾನಾಗಳ ಜೊತೆ ಹಲಗೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಹಲಗೆಯ ಮೇಲೆ ಕೂತದ್ದನ್ನು ಮರುದಿನ ಸಂಜೆ ಬನ್ನಿ ಮುಡಿಯುವತನಕ ಎತ್ತುವಂತಿಲ್ಲ, ನಮ್ಮ ಅಪ್ಪನ ಕಾಲದಿಂದಲೂ. ಆದರೆ ಮರುದಿನ ಬೆಳಿಗ್ಗೆ ಲೋಕಾಪುರದ ರೋಡಿನಲ್ಲಿ ಪ್ರ್ಯಾಕ್ಟೀಸ್ ಇಟ್ಟುಕೊಂಡಿದ್ದೆ. ಪೂಜೆ ಜೀಪಿಗೂ ಆಗಿತ್ತು, ಸೈಕಲ್ಲಿಗೂ ಆಗಿತ್ತು. ಹುಡುಗಿಯರನ್ನು ಬಸ್ಸಿಗೆ ಬರಲು ಹೇಳಿ ಅವನ್ನು ಒಯ್ದೆ. ಹಲಗೆಗೆ ಮಾತ್ರ ಕೈ ಹಾಕಲಿಲ್ಲ. ನನ್ನ ಭಕ್ತಿ ಇಷ್ಟರದು. ಪಿನ್ನಿನ ತೂತಿಗೆ ನೂಲಿನ ಹಗ್ಗ ನಾಲ್ಕು ಸುತ್ತು ಹಾಕಿ ಗಂಟು ಬಿಗಿದೆ.

ಮಲಕಾಜಪ್ಪ ಎಂದಿನಂತೆ ಮೋಟರ್‌ಸೈಕಲ್ ಮೇಲೆ ಹಿಂದೆ ಬರುತ್ತಿದ್ದ. “ನಾ ಮಾಡಿದ್ದು ಓಡೂದು ನೋಡಾಕ ಛಲೋ ಅನಸ್ತೈತಿ ಲೇ ಸೋಮ್ಯಾ” ಅನ್ನುತ್ತಿದ್ದ. ಲೋಕಾಪುರ ಇನ್ನೂ ಮೂರು ಕಿಲೋಮೀಟರ್ ಇತ್ತು. ಹಂಪ್ ಹಾರಿತು ಜೀಪು, ಹಗ್ಗ ಹರಿಯಿತು. ರ್‍ಯಾಕು, ಐದೂ ಸೈಕಲ್ಲು, ಎಲ್ಲ ಅವನ ಮುಂದೆ ಬಿದ್ದವು. ಕನ್ನಡಿಯಲ್ಲಿ ನೋಡಿದೆ.

ಇಳಿದು ಓಡಿದೆ. ಅವನಲ್ಲಿ ಜೀವ ಇರಲಿಲ್ಲ. ಜನ ಸೇರುವುದರೊಳಗೆ ಹಗ್ಗದ ತುಂಡು ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಕೈ ತಾನಾಗಿಯೇ ಮಾಡಿತು ಅಂತ ಬರೆಯಬೇಕೆಂದಿದ್ದೆ. ಸುಳ್ಳು. ನಾನೇ ಮಾಡಿದೆ.

ಬಿದ್ದ ಏಟಿಗೆ ರ್‍ಯಾಕಿನ ಒಂದು ತೋಳು ಡೊಂಕಾಗಿತ್ತು. ಪೊಲೀಸರು ಕೇಳಿದರು. “ವೆಲ್ಡಿಂಗ್ ಬಿಟ್ಟಿರಬಹುದ್ರಿ” ಅಂದೆ. ಸಂಜೆಯೊಳಗೆ ಜಮಖಂಡಿಯಿಂದ ಬನಹಟ್ಟಿತನಕ ಅದೇ ಮಾತು.

24 ನವೆಂಬರ್, ಶನಿವಾರ

ಅರ್ಧ ದಿನ ಸಾಲಿ. ಬಂದು ಚೀಲ ಬಿಚ್ಚಿದೆ. ರ್‍ಯಾಕು ಗೋಡೆಗೆ ಹತ್ತಿತು. ಕಲ್ಲಿನ ಗೋಡೆ, ಡ್ರಿಲ್ಲಿನ ಎರಡು ಬಿಟ್ ಮುರಿದವು. ನಾಲ್ಕು ಬೋಲ್ಟು.

ಸೈಕಲ್ ಹಾಕುವ ಮೊದಲು ನಾನೇ ಜೋತುಬಿದ್ದೆ. ಎಪ್ಪತ್ತೆಂಟು ಕಿಲೋ ಇದ್ದೇನೆ. ಒಂದು ಜೋಡಣೆಯೂ ಕಿರ್ ಅನ್ನಲಿಲ್ಲ. ಸುಮಾರು ಹೊತ್ತು ಹಾಗೇ ಜೋತಾಡಿದೆ. ಇಂದ್ರವ್ವ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಐದೂ ಸೈಕಲ್ಲು ಮೇಲೆ ಹೋದವು. ಡೊಂಕು ತೋಳಿನ ಮೇಲೂ ಒಂದು. ಈಗ ರ್‍ಯಾಕು ಕಾಣುವುದಿಲ್ಲ, ಬರೀ ಗಾಲಿ ಕಾಣುತ್ತವೆ. ಅದಕ್ಕೇ ಹಾಗೆ ಹಾಕಿದೆನೋ ಏನೋ.

2 ಡಿಸೆಂಬರ್, ರವಿವಾರ

ಬನಹಟ್ಟಿಗೆ ಹೋಗಿದ್ದೆ. ಹೇಳಲೇಬೇಕು ಅಂತ ಹೋದೆ. ಹೇಳಲಿಲ್ಲ.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಮಲಕಾಜಪ್ಪನ ಹೆಂಡತಿ ಅನಸವ್ವ ಹೊರಗೆ ಬಂದಳು. ಮದುವೆಯಾದಾಗಿನಿಂದ ಗಂಡನ ಜೊತೆ ಅಂಗಡಿಯಲ್ಲೇ ದುಡಿದವಳು. ಅವನು ವೆಲ್ಡಿಂಗ್ ಮಾಡಿದರೆ ಇವಳು ಪೈಪು ಹಿಡಿಯುವುದು, ಉಜ್ಜುವುದು. ಈಗ ವೆಲ್ಡಿಂಗನ್ನೂ ತಾನೇ ಮಾಡಬಲ್ಲಳು. ಮಾಡಿಸುವವರಿಲ್ಲ.

“ಮಗ್ಗದವ್ರು ಯಾರೂ ಬರವಲ್ರು ನೋಡ್ರಿ ಸರ್. ಅವರ ವೆಲ್ಡಿಂಗ್ ಅವರನ್ನ ತಿಂದೈತಿ, ನಮಗ ಬ್ಯಾಡ ಅಂತಾರ.”

“ಜನ ಏನರ ಅಂತಾರ್ರಿ ವೈನಿ, ಬಿಡ್ರಿ.”

“ಜನರದ್ದು ಬಿಡ್ರಿ. ಆ ಪೈಪ್ ನಾನ ಹಿಡದಿದ್ನಿ. ಉಜ್ಜಿದಾಕಿನೂ ನಾನ. ಎಲ್ಲಿ ಕಚ್ಚಾ ಬಿಟ್ಟೆ ಅಂತ ದಿನಾ ಕುಂತು ನೆನಸ್ತೇನ್ರಿ.”

ಮಿರ್ಚಿ ಭಜಿ ಕರಿದುಕೊಟ್ಟಳು. ಎರಡು ತಿಂದೆ. ಇನ್ನೊಂದು ಹಾಕಿಸಿಕೊಂಡೆ. ಬಸ್ಸು ಹತ್ತಿ ಬಂದೆ. ನನ್ನ ಮೇಲೆ ನನಗೆ ಅಸಹ್ಯ ಬರಬೇಕು. ಬರುತ್ತದೆ ಅಂತ ಕಾದು ಕೂತಿದ್ದೇನೆ.

18 ಡಿಸೆಂಬರ್

ರೇಷ್ಮಾ ಸ್ಟಾಫ್ ರೂಮಿಗೆ ಬಂದಿದ್ದಳು. “ಸರ್, ಪ್ರ್ಯಾಕ್ಟೀಸ್ ಯಾವಾಗ ಚಾಲೂ ಮಾಡೂದ್ರಿ?” ಮುಂದಿನ ವಾರ ಅಂದೆ. ಹೋದ ವಾರವೂ ಅದನ್ನೇ ಅಂದಿದ್ದೆ.

6 ಜನವರಿ 2013, ರವಿವಾರ. ಮಧ್ಯಾಹ್ನ

ಅನಸವ್ವ ಬಂದಿದ್ದಾಳೆ. ಹೇಳದೆ ಕೇಳದೆ, ಒಬ್ಬಳೇ. ನಾಳೆ ಮುಧೋಳದವರು ವೆಲ್ಡಿಂಗ್ ಮಶೀನ್ ಒಯ್ಯಲು ಬರುತ್ತಾರಂತೆ. ಅಂಗಡಿ ಕಾಯಂ ಬಂದ್.

“ಕೊಡೂದಕ್ಕಿಂತ ಮೊದಲ ಆ ರ್‍ಯಾಕ್ ಒಮ್ಮೆ ನೋಡ್ತೇನ್ರಿ ಸರ್. ಯಾವ ಜಾಗಾ ಬಿಟ್ಟೈತಿ ಗೊತ್ತಾದ್ರ ಮನಸಿಗಿ ಸಮಾಧಾನ.”

ಬೇಡ ಅನ್ನಲು ಒಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಇಂದ್ರವ್ವ ಶೆಡ್ಡಿನ ಬಾಗಿಲು ತೆಗೆದಳು.

ನಾನು ಮುಂದಾಗಲಿಲ್ಲ. ಅನಸವ್ವ ತಾನೇ ಒಂದೊಂದಾಗಿ ಸೈಕಲ್ ಇಳಿಸಿ ಗೋಡೆಗೆ ಒರಗಿಸಿದಳು. ಐದೂ. ಆಮೇಲೆ ಸೆರಗಿನಿಂದ ಧೂಳು ಒರೆಸಿ, ಪ್ರತಿ ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿದಳು. ಉಗುರಿನಿಂದ ಬಣ್ಣ ಕೆರೆದು ನೋಡಿದಳು. ಡೊಂಕು ತೋಳಿನ ಬುಡಕ್ಕೆ ಬಂದಾಗ ಬಗ್ಗಿ, ಬಹಳ ಹೊತ್ತು ನೋಡಿದಳು. ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಮತ್ತೆ ಮೊದಲಿನಿಂದ ಎಣಿಸುತ್ತ ಬಂದಳು. ಹನ್ನೆರಡು ಜೋಡಣೆ.

“ಡೊಂಕ ಆಗೇತಿ, ಬಿಟ್ಟಿಲ್ಲ. ಎಲ್ಲೂ ಬಿಟ್ಟಿಲ್ಲಲ್ರಿ ಸರ್.”

ಮುಖ ಅರಳಿತು ಅವಳದು, ಖರೆ. ಎರಡೂವರೆ ತಿಂಗಳಾದ ಮೇಲೆ ಹಾಗೆ ಅರಳಿದ ಮುಖ ನೋಡಿದೆ. ಗಂಡ ಬದುಕಿ ಬಂದ ಹಾಗೆ ಇಂದ್ರವ್ವನ ಕೈ ಹಿಡಿದುಕೊಂಡು, “ಗಟ್ಟಿ ಐತಿ ನೋಡ್ರಿ ಅಕ್ಕಾರ, ಅವ್ರು ಮಾಡಿದ್ದು ಗಟ್ಟಿ ಐತಿ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಹಂಗಾರ ಇದು ಹೆಂಗ ಬಿತ್ರಿ ಸರ್?”

ಇಂದ್ರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಇವತ್ತಿನದಲ್ಲ, ನಾನು ಜೋತುಬಿದ್ದ ದಿನದಿಂದಲೂ ಇದ್ದದ್ದು ಅನ್ನಿಸಿತು. ಚಷ್ಮಾ ತರುತ್ತೇನೆಂದು ಒಳಗೆ ಬಂದೆ. ಚಷ್ಮಾ ಮೂಗಿನ ಮೇಲೇ ಇದೆ. ಹೆದರಿಕೆ ಬಂದಿದೆ, ಅಳುವೂ ಬರುತ್ತಿದೆ, ಎರಡೂ ಒಟ್ಟಿಗೆ.

ಪಡಸಾಲೆಯಿಂದ ಇಂದ್ರವ್ವ ಕರೆದಳು. “ಅವರು ಕಾಯಾಕತ್ತಾರ. ಬರ್ರಿ ಹೊರಗ.”

ಹೀಗೆ ಶುರು ಮಾಡುತ್ತೇನೆ: ವೈನಿ, ನಾಳೆ ಮಶೀನ್ ಕೊಡಬ್ಯಾಡ್ರಿ. ಅಂವಂದು ಏನೂ ತಪ್ಪಿಲ್ಲ. ಅವತ್ತ ಮುಂಜಾನೆ ನಾನು