ಉಗ್ರಾಣದ ಬಾಗಿಲಿಗೆ ಜಡಿದ ಪ್ರಬಂಧ

ತಮ್ಮಾ ಹ್ಯಾಂಪುಸ್,

ರಾತ್ರಿ ಠಕ್ ಠಕ್ ಸದ್ದಾಯಿತೆಂದು ಮನೆಯ ಬಾಗಿಲು ತೆರೆದೆ. ಹೊರಗೆ ಯಾರೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ನನ್ನ ಪಿಎಚ್‌ಡಿ ಪ್ರಬಂಧ ಉಗ್ರಾಣದ ಬಾಗಿಲಲ್ಲಿ ಮೊಳೆಗೆ ನೇತಾಡುತ್ತಿತ್ತು. ಮೌಖಿಕ ಪರೀಕ್ಷೆಗೆ ಮೊದಲು ಎಲ್ಲರೂ ನೋಡಲೆಂದು, ಪದ್ಧತಿಯಂತೆ ಉಪ್ಸಲಾ ವಿಶ್ವವಿದ್ಯಾಲಯದ ಹಲಗೆಗೆ ಇಂದು ನಾನೇ ಮೊಳೆ ಹೊಡೆದು ಜಡಿಯಬೇಕಾದ ಪ್ರತಿಯದು. ತಪ್ಪಿದರೆ ಆ ಪರೀಕ್ಷೆಯೇ ಮುಂದಕ್ಕೆ ಹೋಗುತ್ತದೆ. ಬಿಎಸ್ಸಿಯಲ್ಲಿ ಇಲಿ ಕಂಡು ಮೇಜು ಹತ್ತಿದ ನಿನ್ನಕ್ಕ, ಅದೇ ಇಲಿಗಳಿಗೆ ವರ್ಷಗಟ್ಟಲೆ ಮಂಡಿನೋವಿನ ಮದ್ದು ಕುಡಿಸಿ ಬರೆದ ಪ್ರಬಂಧವದು.

ಮೊದಲು ನಿನ್ನನ್ನೇ ಶಪಿಸಿದೆ. ಆದರೆ ಮೊಳೆ ನೆಟ್ಟಗಿತ್ತು; ಅದು ನಿನ್ನ ಕೈಕೆಲಸವಲ್ಲ.

ಪ್ರಬಂಧವನ್ನು ಕಿತ್ತು ಒಯ್ದಿದ್ದೇನೆ. ಮೊಳೆಗೆ ಬೇಕಾದ ತೂತು ಹೇಗೂ ಅದರಲ್ಲಿ ಸಿದ್ಧವಾಗಿದೆ. ಬಾಗಿಲಿಗೆ ನೀನು ಬಣ್ಣ ಬಳಿ. ಸುತ್ತಿಗೆಯನ್ನೂ, ಅದನ್ನು ಮಡಿಲಿಂದ ಇಳಿಸದ ಅಪರಾಧಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಎರಡು ಗಂಟೆಗೆ ವಿಶ್ವವಿದ್ಯಾಲಯಕ್ಕೆ ಬಾ.

"ಊರೋರು ಆಮೇಲೆ ನೋಡ್ಲಿ ಕಣೆ, ಮೊದ್ಲು ನಮ್ಮನೇಲಿ ನೇತಾಕ್ಬೇಕು," ಎಂದು ಕಾಫಿ ಹೀರುತ್ತಲೇ ತಪ್ಪೊಪ್ಪಿಕೊಂಡವರು, ಮಂಡಿನೋವಿನ ನಮ್ಮಜ್ಜಿ ಇಂಗೆಗೆರ್ಡ್.