ಏಳನೇ ಹಾಸಿಗೆಯ ನಿದ್ದೆ

ಬುಸಾನ್
ಸೆಪ್ಟೆಂಬರ್ ೩

ಪ್ರೀತಿಯ ತಂಗಿ ಇನ್‌ಸುಕ್,

ಚೆನ್ನಾಗಿದ್ದೀಯಾ? ನಿನ್ನ ಗಂಡನ ಮಂಡಿನೋವು ಹೇಗಿದೆ? ನೀನು ಕಳಿಸಿದ ಮೂಲಂಗಿ ಕಿಮ್ಚಿ ಹುಳಿ ಬಂದು, ಮುಗಿದು, ಡಬ್ಬಿ ತೊಳೆದಿಟ್ಟೂ ಆಯಿತು. ನನ್ನ ಉತ್ತರ ಮಾತ್ರ ಹೊರಡಲಿಲ್ಲ. ಬೈದುಕೋ, ಆದರೆ ಪತ್ರ ಪೂರ್ತಿ ಓದು. ನಿವೃತ್ತಿಗೆ ಆರು ತಿಂಗಳಿರುವಾಗ ನಿನ್ನ ಅಕ್ಕ ಹೊಸ ಹುಚ್ಚೊಂದನ್ನು ಹಚ್ಚಿಕೊಂಡಿದ್ದಾಳೆ: ಐಸಿಯುನಲ್ಲಿರುವ ರೋಗಿಗಳಿಗೆ ನಿದ್ದೆ ಬರಿಸುವುದು.

ನಗಬೇಡ. ಐಸಿಯು ಅಂದರೆ ಸಂತೆ ಕಣೇ. ದೊಡ್ಡ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಲಕಲಕ ಅನ್ನಲೆಂದು ಬೆಳಗಿನ ಜಾವ ನಾಲ್ಕಕ್ಕೇ ರೋಗಿಗಳ ಮೈ ಒರೆಸುವ ಪದ್ಧತಿ ತಂದವಳು ಹೆಡ್ ನರ್ಸ್ ಆದ ನಾನೇ. ಈಗ ನಾನೇ ಅದನ್ನು ಸಂಜೆಗೆ ತಳ್ಳಿದೆ. ರಾತ್ರಿ ಹತ್ತಕ್ಕೆ ದೀಪ ತಗ್ಗಿಸಿದೆವು, ಯಂತ್ರಗಳ ಕೂಗು ಇಳಿಸಿದೆವು, ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ ಕೊಟ್ಟೆವು. ಹಗಲು ಮಾತ್ರ ಯಾರನ್ನೂ ತೂಕಡಿಸಲು ಬಿಡಲಿಲ್ಲ. ವಾರದೊಳಗೆ ಜನ ಗೊರಕೆ ಹೊಡೆಯತೊಡಗಿದರು. ನಾನು ಬೀಗಿದೆ.

ಆ ಜಂಬ ಇಳಿಸಿದವಳು ಏಳನೇ ಹಾಸಿಗೆಯ ಮಾಲ್ಸುನ್ ಅಜ್ಜಿ. ಮೀನು ಮಾರುಕಟ್ಟೆಯವಳು, ಎಪ್ಪತ್ತೊಂದು ವಯಸ್ಸು, ನ್ಯುಮೋನಿಯಾ. ಉಸಿರಿನ ನಳಿಕೆ ಆಗಷ್ಟೇ ತೆಗೆದಿದ್ದರು. ರಾತ್ರಿ ಕಣ್ಣಿನ ಪಟ್ಟಿ ಕಿತ್ತೆಸೆದು, "ಐಸ್ ಎಲ್ರೋ? ದೋಣಿ ಬಂತು, ನನ್ನ ಬೂಟು ಕೊಡ್ರೋ!" ಎಂದು ಕಿರುಚುತ್ತಿದ್ದಳು. ಹಗಲು ಕಣ್ಣು ಮುಚ್ಚಿದರೆ ನಾವು ಪರದೆ ಸರಿಸಿ, ಎತ್ತಿ ಕೂರಿಸಿ ಎಬ್ಬಿಸುತ್ತಿದ್ದೆವು. ನಾಲ್ಕನೇ ದಿನ ಅವಳಿಗೆ ಹೆತ್ತ ಮಗಳ ಗುರುತೇ ಹತ್ತಲಿಲ್ಲ. "ಹೀಗೇ ನಿದ್ದೆಗೆಟ್ಟು ಸುಸ್ತಾದ್ರೆ ಮತ್ತೆ ನಳಿಕೆ ಹಾಕ್ಬೇಕಾಗುತ್ತೆ" ಎಂದರು ಡಾಕ್ಟರ್ ಪ್ಯೊ. ಎರಡನೇ ಸಲ ಹಾಕಿದರೆ ಆ ವಯಸ್ಸಿನಲ್ಲಿ ತೆಗೆಯುವುದು ಕಷ್ಟವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂದು ಮಧ್ಯಾಹ್ನ ಮಾರುಕಟ್ಟೆಯಲ್ಲಿ ಅವಳ ಪಕ್ಕದ ಅಂಗಡಿಯ ಗೆಳತಿ ದೋಕ್ಸಿಮ್ ನೋಡಲು ಬಂದಳು. ನಾನು ಅಜ್ಜಿಯ ಭುಜ ತಟ್ಟುತ್ತಿದ್ದುದನ್ನು ಕಂಡು ಸೊಂಟಕ್ಕೆ ಕೈಯಿಟ್ಟಳು.

"ಏನಮ್ಮಾ, ಯಾಕ್ ಅವಳ ಪ್ರಾಣ ತಿಂತೀಯಾ?"

"ಹಗಲು ಮಲಗಿದ್ರೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೆ."

"ರಾತ್ರಿ ಮಲಗೋಕೆ ಅವಳೇನು ಬ್ಯಾಂಕಲ್ಲಿದ್ಳಾ? ನಲವತ್ತು ವರ್ಷದಿಂದ ರಾತ್ರಿಯೆಲ್ಲಾ ಹರಾಜು, ಬೆಳಿಗ್ಗೆ ವ್ಯಾಪಾರ. ಹನ್ನೊಂದಕ್ಕೆ ಒಂದು ಬಟ್ಟಲು ಸಾರು ಕುಡಿದು ಬಿದ್ಕೊಂಡ್ರೆ, ಕಾಲ ಮೇಲೆ ಏಡಿ ಹರಿದ್ರೂ ಏಳೋಳಲ್ಲ. ಇಷ್ಟೆಲ್ಲಾ ಓದಿದೀರ, ಬಾಯ್ಬಿಟ್ಟು ಒಂದ್ ಮಾತು ಕೇಳೋಕಾಗ್ಲಿಲ್ವಾ?"

ಕಪಾಳಕ್ಕೆ ಬಿಗಿದಂತಾಯಿತು. ಪರದೆ ಎಳೆದೆ, ಎಕ್ಸ್‌ರೇಯವರನ್ನು ಬಾಗಿಲಲ್ಲೇ ತಡೆದೆ. "ಎರಡು ದಿನ ಕೊಡಿ" ಎಂದು ಡಾಕ್ಟರ್ ಪ್ಯೊಗೆ ಗೋಗರೆದೆ. ಅಜ್ಜಿ ನಾಲ್ಕೂವರೆ ಗಂಟೆ ಮಲಗಿದಳು, ಇನ್‌ಸುಕ್! ನಾಲ್ಕೂವರೆ! ನಾವೆಲ್ಲ ತುದಿಗಾಲಲ್ಲಿ ಓಡಾಡಿದೆವು. ಮರುದಿನವೂ ಹಾಗೇ ಮಲಗಿ ಎದ್ದವಳು ಮಗಳನ್ನು ನೋಡಿ, "ಅಂಗಡಿ ಬಿಟ್ಟು ಇಲ್ಲೇನ್ ಮಾಡ್ತಿದೀಯೇ, ಸೋಮಾರಿ?" ಎಂದು ಬೈದಳು. ಬೈಸಿಕೊಂಡು ಮಗಳು ಅತ್ತಳು, ನಾನೂ ಅತ್ತೆ. ನಿನ್ನೆ ಅಜ್ಜಿಯನ್ನು ಸಾಮಾನ್ಯ ವಾರ್ಡಿಗೆ ಕಳಿಸಿದೆವು. ಈಗ ಯಾರೇ ಬರಲಿ, ಮನೆಯವರನ್ನು ಮೊದಲು ಕೇಳುವುದು ಇದನ್ನೇ: "ಇವರು ಮನೇಲಿ ಯಾವಾಗ ಮಲಗ್ತಾರೆ?"

ನಿನ್ನ ಸಂಸಾರ ತಣ್ಣಗಿರಲಿ, ಮಕ್ಕಳು ಮೊಮ್ಮಕ್ಕಳ ಕಣ್ತುಂಬ ನಿದ್ದೆ ಇರಲಿ.

ನಿನ್ನ ಅಕ್ಕ,
ಸುನ್ನಾಮ್

ತಾ.ಕ.: ಅಮ್ಮ ತೀರಿಕೊಂಡಾಗ "ಕೊನೆಗೆ ನಿದ್ದೆ ಮಾಡಿದ್ಳಾ?" ಎಂದು ನೀನು ಕೇಳಿದ್ದೆ. "ಮಗು ಹಾಗೆ" ಎಂದಿದ್ದೆ ನಾನು. ಸುಳ್ಳು ಕಣೇ. ಕೊನೆಯ ಒಂಬತ್ತು ದಿನ ಅವಳು ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಜೀವಮಾನವಿಡೀ ನಡುರಾತ್ರಿ ಎದ್ದು ಸೋಯಾ ರುಬ್ಬಿ ತೋಫು ಮಾಡಿದವಳು, ಮಧ್ಯಾಹ್ನ ಊಟವಾದ ಮೇಲೇ ಚಾಪೆ ಹಾಸುತ್ತಿದ್ದವಳು. ಆ ಹೊತ್ತಲ್ಲಿ ಪಿಸುಗುಟ್ಟುತ್ತಲೇ ನಾವಿಬ್ಬರೂ ಬೆಳೆದೆವಲ್ಲ. ನಾನು ಅದನ್ನೇ ಮರೆತು ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು, "ಹಗಲು ಮಲಗ್ಬೇಡಮ್ಮಾ" ಎಂದು ಅಲುಗಿಸುತ್ತಿದ್ದೆ. ನಾನು ಕರೆದಾಗಲೆಲ್ಲ, ಪಾಪ, ಕಣ್ಣು ಬಿಡುತ್ತಿದ್ದಳು. ಚುಸೋಕ್ ಹಬ್ಬಕ್ಕೆ ಬಾ. ಅವಳ ಸಮಾಧಿಗೆ ಈ ಸಲ ಮಧ್ಯಾಹ್ನ ಬೇಡ, ಸಂಜೆ ಹೋಗೋಣ. ಮಲಗಿರುತ್ತಾಳೆ.